ದೊಡ್ಡ ಕುಟುಂಬದ ಸಾಲ ಮತ್ತು ನಮ್ಮ ಹೊಣೆ

ಜೂನ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಮನೆಗಳಿಗೆ ಎರಡು ಚಿಂತೆಗಳು ಒಟ್ಟಿಗೇ ಕಾಲಿಡುತ್ತವೆ. ಮಾಡಿನ ಹಂಚು ಸೋರುವುದೆಂಬುದು ಒಂದು. ಮಕ್ಕಳ ಶಾಲಾ ಶುಲ್ಕ ಇನ್ನೊಂದು. ಒಂದೆರಡು ಮಕ್ಕಳಿರುವ ಮನೆ ಹೇಗೋ ಈ ತಿಂಗಳನ್ನು ದಾಟುತ್ತದೆ. ಆದರೆ ನಾಲ್ಕೈದು ಮಕ್ಕಳು, ವಯಸ್ಸಾದ ತಂದೆತಾಯಿ, ಮದುವೆಯಾಗದೆ ಉಳಿದ ಅಕ್ಕ, ಕೆಲಸ ಕಳೆದುಕೊಂಡು ಗಲ್ಫಿನಿಂದ ಮರಳಿದ ತಮ್ಮ ಎಲ್ಲರೂ ಒಂದೇ ಒಲೆಯ ಅನ್ನ ಉಣ್ಣುವ ಮನೆಯಲ್ಲಿ ಜೂನ್ ತಿಂಗಳೆಂದರೆ ಸಾಲದ ತಿಂಗಳು. ದೊಡ್ಡ ಕುಟುಂಬ ಎಂದು ನಾವು ಇಲ್ಲಿ ಹೇಳುವುದು ಮಕ್ಕಳ ಸಂಖ್ಯೆಯನ್ನಷ್ಟೇ ಅಲ್ಲ. ಒಬ್ಬರ ಅಥವಾ ಇಬ್ಬರ ದುಡಿಮೆಯನ್ನು ನಂಬಿಕೊಂಡಿರುವ ಬಾಯಿಗಳ ಸಂಖ್ಯೆಯನ್ನು.

ಇಂತಹ ಕುಟುಂಬಗಳನ್ನು ಧರ್ಮಸಭೆ ಸದಾ ಗೌರವದಿಂದ ಕಂಡಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತ ಸಂವಿಧಾನವು, ವಿವೇಕದಿಂದ ಹಾಗೂ ಪರಸ್ಪರ ಸಮಾಲೋಚನೆಯಿಂದ ಹೆಚ್ಚು ಮಕ್ಕಳನ್ನು ಪಡೆದು ಯೋಗ್ಯರೀತಿಯಲ್ಲಿ ಬೆಳೆಸುವ ದಂಪತಿಗಳನ್ನು ವಿಶೇಷವಾಗಿ ಸ್ಮರಿಸಿದೆ. ಆದರೆ ವೇದಿಕೆಯ ಮೇಲಿನ ಈ ಗೌರವವು ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದವರೆಗೆ ಬರುವುದಿಲ್ಲ. ಭಾನುವಾರದ ಬಲಿಪೂಜೆಗೆ ಎಂಟು ಮಂದಿ ಸಾಲಾಗಿ ಬರುವ ಕುಟುಂಬವನ್ನು ಕಂಡು ನಾವು ಮೆಚ್ಚುತ್ತೇವೆ. ಅದೇ ಕುಟುಂಬ ಕ್ರಮೇಣ ಕೊನೆಯ ಬೆಂಚಿಗೆ ಸರಿದು, ಬಲಿಪೂಜೆ ಮುಗಿಯುವ ಮೊದಲೇ ಹೊರಟುಹೋಗಲು ಆರಂಭಿಸಿದಾಗ ಕಾರಣವನ್ನು ವಿಚಾರಿಸುವವರು ವಿರಳ. ಅನೇಕ ಬಾರಿ ಕಾರಣ ಭಕ್ತಿಯ ಕೊರತೆಯಲ್ಲ. ಅಂಗಳದಲ್ಲಿ ಎದುರಾಗಬಹುದಾದ ಸಾಲಗಾರನ ಮುಖ.

ಸಾಲದಿಂದ ಹಣ ಮಾತ್ರ ನಷ್ಟವಾಗುವುದಿಲ್ಲ, ಮನೆಯೊಳಗಿನ ಮಾತೂ ನಿಂತುಹೋಗುತ್ತದೆ. ಗಂಡ ಮಾಡಿದ ಕೈಸಾಲ ಹೆಂಡತಿಗೆ ತಿಳಿದಿರುವುದಿಲ್ಲ. ಹೆಂಡತಿ ಅಡವಿಟ್ಟ ಬಳೆ ಗಂಡನಿಗೆ ತಿಳಿದಿರುವುದಿಲ್ಲ. ಹಿರಿಯ ಮಗ ಮಾತ್ರ ಎರಡನ್ನೂ ಊಹಿಸಿಕೊಂಡು, ತನ್ನ ಓದನ್ನು ನಿಲ್ಲಿಸುವ ನಿರ್ಧಾರವನ್ನು ಒಬ್ಬನೇ ಕೈಗೊಳ್ಳುತ್ತಾನೆ. ಈ ಮೌನವೇ ಸಾಲದ ಅತ್ಯಂತ ದುಬಾರಿಯಾದ ಬಡ್ಡಿ ಎಂಬುದು ನಮ್ಮ ಅಭಿಪ್ರಾಯ.

ಪವಿತ್ರ ಗ್ರಂಥದ ಎರಡು ಮನೆಗಳು

ಈ ಸಂಕಟ ಹೊಸದೇನಲ್ಲ. ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯವನ್ನು ತೆರೆದು ನೋಡಿದರೆ ನಮ್ಮ ನೆರೆಮನೆಯ ಕಥೆಯನ್ನೇ ಓದಿದಂತಾಗುತ್ತದೆ. ಜೆರುಸಲೇಮಿನ ಗೋಡೆಯನ್ನು ಕಟ್ಟುತ್ತಿದ್ದ ಜನರು ಕೆಲಸದ ನಡುವೆ ಮೊರೆಯಿಟ್ಟರು. ತಮಗೆ ಗಂಡುಹೆಣ್ಣು ಮಕ್ಕಳು ಬಹಳ, ಬದುಕಲು ಧಾನ್ಯ ಬೇಕು ಎಂದು ಕೆಲವರು ಅತ್ತರು. ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟಿದ್ದೇವೆ ಎಂದು ಮತ್ತೆ ಕೆಲವರು. ಅರಸನ ತೆರಿಗೆ ಕಟ್ಟಲು ಸಾಲ ಮಾಡಿದ್ದೇವೆ, ಮಕ್ಕಳು ಜೀತಕ್ಕೆ ಹೋಗುತ್ತಿದ್ದಾರೆ ಎಂದು ಇನ್ನು ಕೆಲವರು. ಸಾಲ ಕೊಟ್ಟವರು ಪರಕೀಯರಾಗಿರಲಿಲ್ಲ, ಅದೇ ಗೋಡೆಯೊಳಗಿನ ಸಹೋದರರಾಗಿದ್ದರು. ನೆಹೆಮೀಯನು ಈ ಜನರಿಗೆ ಮಿತವ್ಯಯದ ಉಪದೇಶ ಮಾಡಲಿಲ್ಲ. ಆತ ಸಿಟ್ಟಾದನು, ಸಭೆ ಕರೆದನು, ಶ್ರೀಮಂತರನ್ನು ಗದರಿಸಿ ಹೊಲ ಮನೆಗಳನ್ನೂ ಬಡ್ಡಿಯನ್ನೂ ಹಿಂದಿರುಗಿಸುವಂತೆ ಮಾಡಿದನು. ತಾನೂ ತನ್ನವರೂ ಕೊಟ್ಟ ಸಾಲವಿದೆಯೆಂದು ಒಪ್ಪಿಕೊಂಡು ಅದರ ವಸೂಲಿಯನ್ನು ಕೈಬಿಡಲು ಮುಂದಾದನು. ರಾಜ್ಯಪಾಲನಾಗಿ ತನಗೆ ಸಲ್ಲಬೇಕಾಗಿದ್ದ ಭತ್ಯವನ್ನು ಹನ್ನೆರಡು ವರ್ಷಗಳ ಕಾಲ ಮುಟ್ಟಲಿಲ್ಲ.

ಎರಡನೆಯದು ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ವಿಧವೆಯ ಮನೆ. ಸಾಲಕೊಟ್ಟವನು ಆಕೆಯ ಇಬ್ಬರು ಮಕ್ಕಳನ್ನು ಜೀತಕ್ಕೊಯ್ಯಲು ಬಂದಿದ್ದಾನೆ. ಪ್ರವಾದಿ ಎಲೀಷನು ಆಕೆಯನ್ನು ವಿಚಾರಿಸಿದ್ದು ಸಾಲ ಎಷ್ಟಿದೆಯೆಂದಲ್ಲ, ಮನೆಯಲ್ಲಿ ಏನಿದೆಯೆಂದು. ಇದ್ದುದು ಒಂದು ಕುಡಿಕೆ ಎಣ್ಣೆ. ನೆರೆಹೊರೆಯವರು ಖಾಲಿ ಪಾತ್ರೆಗಳನ್ನು ಕೊಟ್ಟರು, ಎಣ್ಣೆ ತುಂಬಿತು. ಅದನ್ನು ಮಾರಿ ಮೊದಲು ಸಾಲ ತೀರಿಸಬೇಕು, ಉಳಿದುದರಲ್ಲಿ ಮಕ್ಕಳೊಡನೆ ಬದುಕಬೇಕು ಎಂಬುದು ಆಕೆಗೆ ದೊರೆತ ಆದೇಶ. ಇರುವುದನ್ನು ಎಣಿಸುವುದು, ನೆರೆಯವರ ಸಹಾಯ ಪಡೆಯುವುದು, ಸಾಲಕ್ಕೆ ಮೊದಲ ಸ್ಥಾನ ಕೊಡುವುದು: ಮನೆಯ ಆಯವ್ಯಯಕ್ಕೆ ಇದಕ್ಕಿಂತ ಉತ್ತಮವಾದ ಕ್ರಮವನ್ನು ಯಾವ ಅರ್ಥಶಾಸ್ತ್ರಜ್ಞನೂ ಹೇಳಿಲ್ಲ. ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಲೂಕನ ಶುಭಸಂದೇಶದಲ್ಲಿ ನುಡಿದಿರುವುದು ಶಿಷ್ಯತ್ವದ ಬಗೆಗೆ. ಆದರೂ ಆ ದೃಷ್ಟಾಂತವನ್ನು ಆತ ಆರಿಸಿಕೊಂಡಿದ್ದು, ಕುಳಿತು ಲೆಕ್ಕ ಹಾಕುವುದು ಎಲ್ಲರಿಗೂ ತಿಳಿದ ವಿವೇಕವೆಂಬ ಕಾರಣಕ್ಕೆ.

ಒಂದು ಮನೆಯ ಲೆಕ್ಕ

ಹಾಗಾದರೆ ಕುಳಿತು ಲೆಕ್ಕ ಹಾಕೋಣ. ಉದಾಹರಣೆಗಾಗಿ ಎಂಟು ಜನರ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ: ತಂದೆ, ತಾಯಿ, ಅಜ್ಜಿ, ಓದುತ್ತಿರುವ ಐವರು ಮಕ್ಕಳು. ತಂದೆಯ ಸಂಬಳ 34,000 ರೂಪಾಯಿ. ತಾಯಿಯ ಹೊಲಿಗೆಯಿಂದ 6,000. ಒಟ್ಟು 40,000.

ಅಕ್ಕಿ, ದಿನಸಿ, ಮೀನು, ಹಾಲು, ತರಕಾರಿಗೆ 14,000. ಗ್ಯಾಸ್ ಮತ್ತು ವಿದ್ಯುತ್ತಿಗೆ 2,000. ಮಕ್ಕಳ ಶುಲ್ಕ, ಪುಸ್ತಕ, ಸಮವಸ್ತ್ರ ಸೇರಿ ವರ್ಷಕ್ಕೆ 48,000, ಅಂದರೆ ತಿಂಗಳ ಪಾಲು 4,000. ಬಸ್ಸಿಗೆ 2,500. ಅಜ್ಜಿಯ ಔಷಧ ಸೇರಿ ವೈದ್ಯಕೀಯಕ್ಕೆ 2,000. ಫೋನಿಗೆ 800, ಬಟ್ಟೆ ಹಾಗೂ ಹಬ್ಬಗಳಿಗೆ 1,500, ದೇವಾಲಯದ ಕಾಣಿಕೆ ಹಾಗೂ ದಾನಕ್ಕೆ 800, ಮನೆಯ ದುರಸ್ತಿಗೆ 900. ಒಟ್ಟು 28,500 ರೂಪಾಯಿ. ಇದರಲ್ಲಿ ದುಂದುವೆಚ್ಚ ಎನ್ನಬಹುದಾದುದು ಏನೂ ಇಲ್ಲ. ಕೈಯಲ್ಲಿ ಉಳಿಯುವುದು 11,500.

ಈಗ ಸಾಲಗಳು. ಮನೆಗಾಗಿ ಬ್ಯಾಂಕಿನಿಂದ ಪಡೆದುದರ ಕಂತು 6,000. ಹಿರಿಯ ಮಗಳ ಕಾಲೇಜಿಗೆಂದು ಸಹಕಾರಿ ಸಂಘದಿಂದ ಪಡೆದುದರ ಕಂತು 4,000. ವಾರಕ್ಕೆ 700 ರೂಪಾಯಿಯ ಒಂದು ಕಿರುಸಾಲ. ಇದನ್ನು ಬಹುಪಾಲು ಜನರು ತಿಂಗಳಿಗೆ 2,800 ಎಂದು ಎಣಿಸುತ್ತಾರೆ. ಆದರೆ ವರ್ಷಕ್ಕಿರುವುದು 48 ವಾರಗಳಲ್ಲ, 52. ವರ್ಷಕ್ಕೆ 36,400 ಆಗುತ್ತದೆ, ತಿಂಗಳಿಗೆ 3,033. ಕೊನೆಯದಾಗಿ, ಆಸ್ಪತ್ರೆಯ ತುರ್ತಿಗೆಂದು ತಂದ 50,000 ರೂಪಾಯಿ ಕೈಸಾಲ. ನೂರಕ್ಕೆ ಮೂರರಂತೆ ತಿಂಗಳ ಬಡ್ಡಿ 1,500. ಒಟ್ಟು 14,533 ರೂಪಾಯಿ. ಉಳಿದ ಹಣಕ್ಕೂ ಇದಕ್ಕೂ ಅಂತರ 3,033. ಅಂದರೆ ವಾರದ ಕಂತಿನಷ್ಟೇ ಹಣ ಪ್ರತಿ ತಿಂಗಳು ಕೊರತೆ ಬೀಳುತ್ತದೆ. ಆ ವಾರದ ಸಾಲವನ್ನು ತೀರಿಸಲು ಮತ್ತೊಂದು ವಾರದ ಸಾಲ ಬೇಕು. ಸಾಲ ಸುಳಿಯಾಗುವುದು ಹೀಗೆ. ಇಲ್ಲಿ ಕುಡಿತವಿಲ್ಲ, ಜೂಜಿಲ್ಲ, ಸೋಮಾರಿತನವಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಸತ್ಯವೂ ಅಡಗಿದೆ. ಈ ಮನೆಯ ಕಂತುಗಳು ಆದಾಯದ ಶೇಕಡ 36ರಷ್ಟು ಮಾತ್ರ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಗಳಿಗೆ ಕೊಡುವ ಕಿರುಸಾಲಗಳ ವಿಷಯದಲ್ಲಿ, ಎಲ್ಲ ಕಂತುಗಳೂ ಸೇರಿ ಕುಟುಂಬದ ಮಾಸಿಕ ಆದಾಯದ ಶೇಕಡ 50ನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಮಿತಿ ಬೇಕೇ ಬೇಕು. ಆದರೆ ಮೂವರ ಮನೆ ಅರ್ಧ ಸಂಬಳದಲ್ಲಿ ಬದುಕಬಹುದು, ಎಂಟು ಜನರ ಮನೆ ಬದುಕಲಾರದು. ಸಾಲ ಕೊಡುವವರು ಸಂಬಳವೆಷ್ಟು ಎಂದು ಕೇಳುತ್ತಾರೆ. ಬಾಯಿಗಳೆಷ್ಟು ಎಂಬುದನ್ನು ನಾವೇ ಕೇಳಿಕೊಳ್ಳಬೇಕು. ದೊಡ್ಡ ಕುಟುಂಬಕ್ಕೆ ಸಾಲ ದೊರೆಯಿತೆಂದ ಮಾತ್ರಕ್ಕೆ ಅದನ್ನು ತೀರಿಸುವ ಶಕ್ತಿ ಇದೆಯೆಂದು ಅರ್ಥವಲ್ಲ.

ಪರಿಹಾರದ ದಾರಿ

ಪರಿಹಾರದ ಮೊದಲ ಹೆಜ್ಜೆ ಒಂದು ನೋಟ್ ಪುಸ್ತಕ. ಗಂಡಹೆಂಡಿರು ಜಪಸರದ ಪ್ರಾರ್ಥನೆ ಮುಗಿದ ಒಂದು ಸಂಜೆ ಎದುರುಬದುರಾಗಿ ಕುಳಿತು, ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಅಡವು ಏನು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ದೂಷಣೆಗೆ ಆ ಸಂಜೆ ಎಡೆಯಿಲ್ಲ. ತಿಳಿವಳಿಕೆ ಬಂದ ಮಕ್ಕಳಿಗೂ ಮನೆಯ ಸ್ಥಿತಿಯನ್ನು ಹಿತಮಿತವಾಗಿ ತಿಳಿಸುವುದು ಒಳಿತು. ಅರ್ಧ ತಿಳಿದ ಭಯಕ್ಕಿಂತ ಪೂರ್ಣ ತಿಳಿದ ಕಷ್ಟ ಮಕ್ಕಳಿಗೆ ಹಗುರ.

ಎರಡನೆಯದಾಗಿ, ಎಲ್ಲ ಸಾಲಗಳೂ ಒಂದೇ ತೂಕದವಲ್ಲ. ನೂರಕ್ಕೆ ಮೂರು ಎಂದರೆ ಕಿವಿಗೆ ಹಗುರ, ವರ್ಷಕ್ಕೆ ಶೇಕಡ 36. ಮೇಲೆ ಹೇಳಿದ 50,000ಕ್ಕೆ ಮೂರು ವರ್ಷ ಬಡ್ಡಿ ಮಾತ್ರ ಕಟ್ಟಿದರೆ 54,000 ಕೊಟ್ಟಂತಾಯಿತು, ಅಸಲು ಹಾಗೇ ಉಳಿಯಿತು. ಆದ್ದರಿಂದ ಮೊದಲು ತೀರಬೇಕಾದುದು ಅದು. ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿರುವ ಚಿನ್ನವಿದ್ದರೆ ಅದನ್ನು ಮಾರಿ ಈ ಸಾಲವನ್ನು ಬೇರುಸಹಿತ ಕೀಳುವುದರಲ್ಲಿ ಅವಮಾನವೇನೂ ಇಲ್ಲ. ಹಾಗೆ ಮಾಡಿದರೆ ತಿಂಗಳಿಗೆ 1,500 ಉಳಿಯುತ್ತದೆ. ಮೂರನೆಯದಾಗಿ, ಸಹಕಾರಿ ಸಂಘಕ್ಕೆ ಹೋಗಿ ಅವಧಿ ವಿಸ್ತರಿಸುವಂತೆ ಕೇಳಿಕೊಂಡು 4,000ದ ಕಂತನ್ನು 3,000ಕ್ಕೆ ಇಳಿಸಿಕೊಳ್ಳಬಹುದು. ಇದರಿಂದ ಒಟ್ಟು ಬಡ್ಡಿ ಹೆಚ್ಚುತ್ತದೆ ನಿಜ, ಆದರೆ ಉಸಿರಾಡಲು ಎಡೆ ಸಿಗುತ್ತದೆ. ಕಂತು ತಪ್ಪಿದ ಮೇಲೆ ತಲೆತಪ್ಪಿಸಿಕೊಳ್ಳುವವನಿಗಿಂತ, ತಪ್ಪುವ ಮೊದಲೇ ಬಂದು ಕೇಳುವವನನ್ನು ಯಾವ ಸಂಸ್ಥೆಯೂ ಹೆಚ್ಚು ಗೌರವಿಸುತ್ತದೆ. ಇನ್ನು ಮನೆಖರ್ಚಿನಲ್ಲಿ 600 ಉಳಿಸಿದರೆ ಒಟ್ಟು 3,100, ಕೊರತೆ ತುಂಬಿತು. ವಾರದ ಸಾಲ ಮುಗಿದ ದಿನ ಇನ್ನೊಂದನ್ನು ಪಡೆಯದೆ, ಆ 3,000ದಲ್ಲಿ ಅರ್ಧವನ್ನು ಸಂಘದ ಸಾಲಕ್ಕೂ ಅರ್ಧವನ್ನು ಆಪತ್ತಿನ ನಿಧಿಗೂ ತೆಗೆದಿಟ್ಟರೆ ಸುಳಿಯಿಂದ ಕಾಲು ಹೊರಬಿತ್ತೆಂದೇ ತಿಳಿಯಬೇಕು.

ನಾಲ್ಕನೆಯದು ಜೂನ್ ತಿಂಗಳ ಪ್ರಶ್ನೆ. ಶಾಲೆಯ 48,000 ವರ್ಷಕ್ಕೊಮ್ಮೆ ಸಿಡಿಲಿನಂತೆ ಎರಗಿದಂತೆ ಕಂಡರೂ ಅದು ಅನಿರೀಕ್ಷಿತವಲ್ಲ. ಜೂನ್ ಪ್ರತಿ ವರ್ಷವೂ ಬರುತ್ತದೆ. ತಿಂಗಳಿಗೆ 4,000, ದಿನಗೂಲಿಯವರಾದರೆ ದಿನಕ್ಕೆ 130ರಿಂದ 135 ರೂಪಾಯಿ ಪ್ರತ್ಯೇಕವಾಗಿ ತೆಗೆದಿಡಬೇಕು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ. ಆದರೆ ಅದು ಕಲಿಸಿದ ಪಾಠ ಹಳೆಯದಾಗಿಲ್ಲ: ಬಡವನಿಗೆ ದೊಡ್ಡ ಮೊತ್ತವನ್ನು ಉಳಿಸಲಾಗದು, ಸಣ್ಣ ಮೊತ್ತವನ್ನು ಉಳಿಸಲಾಗುತ್ತದೆ.

ಸಾಲ ಪಡೆಯಲೇಬೇಕಾದಾಗ ಕೇಳಬೇಕಾದ ಪ್ರಶ್ನೆಗಳೂ ಇವೆ. ಒಂದು ಲಕ್ಷಕ್ಕೆ ಶೇಕಡ 12 ಎಂದು ಹೇಳಿ, ಎರಡು ವರ್ಷಕ್ಕೆ 24,000 ಬಡ್ಡಿಯನ್ನು ಮೊದಲೇ ಸೇರಿಸಿ 24 ಕಂತು ಮಾಡಿದರೆ, ಅಸಲು ಕರಗುತ್ತ ಹೋದರೂ ಬಡ್ಡಿ ಕರಗುವುದಿಲ್ಲ. ನಿಜವಾದ ದರ ಶೇಕಡ 21ನ್ನು ಮೀರುತ್ತದೆ. ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಹೊಸ ಸಾಲಗಳಿಗೆ ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ವಿವರಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದನ್ನು ಕೇಳಿ ಪಡೆದು, ಓದಿ, ಬಳಿಕವೇ ಸಹಿ ಹಾಕಬೇಕು. ವಸೂಲಿಯ ಹೆಸರಿನಲ್ಲಿ ಮನೆ ಬಾಗಿಲಲ್ಲಿ ಬೆದರಿಸುವವರ ವಿರುದ್ಧ ನಮ್ಮ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಹೊರಡಿಸಿದ ಅಧ್ಯಾದೇಶವು ಹತ್ತು ವರ್ಷಗಳವರೆಗಿನ ಸೆರೆವಾಸ ಹಾಗೂ 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿತು. ಕಿರುಸಾಲದ ಕಿರುಕುಳ ತಾಳಲಾರದೆ ಜೀವ ಕಳೆದುಕೊಂಡವರ ಸುದ್ದಿಗಳು ಆ ದಿನಗಳಲ್ಲಿ ರಾಜ್ಯವನ್ನು ಕಲಕಿದ್ದವು. ಸಾಲ ತೀರಿಸುವುದು ಕರ್ತವ್ಯ. ಆದರೆ ಯಾವ ಸಾಲವೂ ಒಂದು ಜೀವದಷ್ಟು ದೊಡ್ಡದಲ್ಲ ಎಂಬುದನ್ನು ಸಂಕಟದಲ್ಲಿರುವ ಪ್ರತಿಯೊಬ್ಬರೂ ಮನದಟ್ಟು ಮಾಡಿಕೊಳ್ಳಬೇಕು. ಕತ್ತಲೆ ಆವರಿಸಿದಂತೆನಿಸಿದ ಗಳಿಗೆಯಲ್ಲಿ ಧರ್ಮಗುರುವಿನ ಬಳಿಗೋ ನೆರೆಮನೆಗೋ ವೈದ್ಯರಲ್ಲಿಗೋ ಹೋಗಿ ಮಾತನಾಡಬೇಕು.

ಜಾಮೀನಿನ ಬಗೆಗೂ ಒಂದು ಮಾತು. ನೆರೆಯವನಿಗೆ ಜಾಮೀನು ನಿಲ್ಲುವುದು ಸಜ್ಜನಿಕೆಯೆಂದೂ, ಆದರೆ ಜಾಮೀನು ಅನೇಕರ ಮನೆ ಮುಳುಗಿಸಿದೆಯೆಂದೂ, ಆದ್ದರಿಂದ ಶಕ್ತಿಗೆ ತಕ್ಕಂತೆ ನೆರವಾಗಿ ಜಾಗರೂಕನಾಗಿರಬೇಕೆಂದೂ ಸಿರಾಖನ ಗ್ರಂಥದ 29ನೆಯ ಅಧ್ಯಾಯ ಎಚ್ಚರಿಸುತ್ತದೆ. ಐವರು ಮಕ್ಕಳ ತಂದೆ ದಾಕ್ಷಿಣ್ಯಕ್ಕೆ ಸಹಿ ಹಾಕುವ ಮುನ್ನ ಆ ಐವರನ್ನು ನೆನೆಯಲಿ.

ಸಮುದಾಯದ ಪಾಲು

ಇಷ್ಟು ಹೇಳಿ ಮುಗಿಸಿದರೆ ಹೊರೆಯನ್ನೆಲ್ಲ ಸಾಲಗಾರನ ಹೆಗಲಿಗೆ ಹೊರಿಸಿ ಕೈತೊಳೆದುಕೊಂಡಂತಾಗುತ್ತದೆ. ನೆಹೆಮೀಯನು ಸಭೆ ಕರೆದುದನ್ನು ಮರೆಯಬಾರದು.

ಮದುವೆ, ರೋಸ್, ಪ್ರಥಮ ಪರಮಪ್ರಸಾದ, ತಿಂಗಳ ಪೂಜೆಯ ಊಟ ಇವುಗಳ ಪ್ರಮಾಣವನ್ನು ಬೆಳೆಸಿದವರು ಬಡವರಲ್ಲ. ತೆಂಗಿನ ಹಾಲು ಹಚ್ಚಿ, ನೆರೆಹೊರೆಯವರು ಹಾಡಿ, ಮನೆಯಂಗಳದಲ್ಲಿ ಮುಗಿಯುತ್ತಿದ್ದ ರೋಸ್ ಇಂದು ಸಭಾಭವನವನ್ನೂ ಧ್ವನಿವರ್ಧಕವನ್ನೂ ಬೇಡುತ್ತಿದೆ. ಉಳ್ಳವರು ಹಾಕಿದ ಅಳತೆಯನ್ನೇ ಇಲ್ಲದವರು ಸಾಲ ಮಾಡಿ ಮುಟ್ಟುತ್ತಾರೆ. ನಾಲ್ವರು ಹೆಣ್ಣುಮಕ್ಕಳ ತಂದೆಗೆ ಈ ಅಳತೆ ನಾಲ್ಕು ಪಟ್ಟು. ಆದ್ದರಿಂದ ಸರಳತೆಯ ಆರಂಭ ಶ್ರೀಮಂತರ ಮನೆಯಿಂದ ಆಗಬೇಕು. ಪ್ರಥಮ ಪರಮಪ್ರಸಾದದಂದು ಎಲ್ಲ ಮಕ್ಕಳಿಗೂ ದೇವಾಲಯದ ಅಂಗಳದಲ್ಲೇ ಒಂದೇ ಬಗೆಯ ಉಪಾಹಾರ ಕೊಟ್ಟು, ಪ್ರತ್ಯೇಕ ಔತಣವಿಲ್ಲದಂತೆ ಇಡೀ ಧರ್ಮಕೇಂದ್ರ ನಿರ್ಧರಿಸಿದರೆ ಎಷ್ಟು ಮನೆಗಳು ಒಂದು ಸಾಲದಿಂದ ಪಾರಾದಾವು!

ನಮ್ಮ ಧರ್ಮಕೇಂದ್ರಗಳೂ ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ಕಟ್ಟಡನಿಧಿಗೂ ವಾರ್ಷಿಕ ಹಬ್ಬಕ್ಕೂ ಮನೆಯೊಂದಕ್ಕೆ ಇಷ್ಟೆಂದು ಗೊತ್ತುಮಾಡಿ, ಕೊಟ್ಟವರ ಹೆಸರನ್ನು ಮೊತ್ತಸಹಿತ ಓದುವ ಪದ್ಧತಿ ಎಲ್ಲಿದೆಯೋ ಅಲ್ಲಿ ಕೊಡಲಾರದವನ ಹೆಸರನ್ನೂ ಓದಿದಂತೆಯೇ ಆಗುತ್ತದೆ. ಎರಡು ಕಾಸು ಹಾಕಿದ ವಿಧವೆಯನ್ನು ಪ್ರಭು ಮೆಚ್ಚಿದನು. ನಾವು ಆಕೆಯ ರಶೀದಿಯನ್ನು ಹುಡುಕಬಾರದು. ನಮ್ಮ ಶಾಲೆಗಳು ಒಂದೇ ಮನೆಯ ಮೂರನೆಯ ಮಗುವಿನಿಂದ ಶುಲ್ಕವನ್ನು ಇಳಿಸಿ, ಉಳಿದುದನ್ನು ಮಾಸಿಕ ಕಂತುಗಳಲ್ಲಿ ಸ್ವೀಕರಿಸುವ ಕ್ರಮವನ್ನು ತಂದರೆ ದೊಡ್ಡ ಕುಟುಂಬವನ್ನು ಹೊಗಳುವ ಹತ್ತು ಪ್ರಬೋಧನೆಗಳಿಗಿಂತ ಅದು ಮಿಗಿಲಾದೀತು.

ಇಂತಹ ಕಾರ್ಯಕ್ಕೆ ನಮ್ಮಲ್ಲಿ ಪರಂಪರೆಯ ಬಲವಿದೆ. ಇಟಲಿಯ ಪೆರೂಜಿಯಾದಲ್ಲಿ 1462ರಲ್ಲಿಯೇ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಬಡವರನ್ನು ಬಡ್ಡಿಕೋರರಿಂದ ಬಿಡಿಸಲು ಅಲ್ಪ ದರದ ಅಡವು ಸಾಲದ ಸಂಸ್ಥೆಯನ್ನು ಕಟ್ಟಿದರು. ಕೆನಡಾದ ಲೆವಿಯಲ್ಲಿ ಹದಿನೈದು ಮಕ್ಕಳ ಮನೆಯಲ್ಲಿ ಹುಟ್ಟಿ ತಾನೂ ಹತ್ತು ಮಕ್ಕಳ ತಂದೆಯಾದ ಆಲ್ಫೋನ್ಸ್ ಡೆಜಾರ್ಡಿನ್ 1900ರಲ್ಲಿ ಧರ್ಮಕೇಂದ್ರದ ಜನರನ್ನು ಕೂಡಿಸಿ ಜನತಾ ಉಳಿತಾಯ ಸಂಘವನ್ನು ಸ್ಥಾಪಿಸಿದನು. 1901ರ ಜನವರಿಯಲ್ಲಿ ಮೊದಲ ದಿನ ಜಮೆಯಾದುದು 26 ಡಾಲರ್ 40 ಸೆಂಟ್ ಮಾತ್ರ. ಆತ ಊರಿನಲ್ಲಿಲ್ಲದಾಗ ಪತ್ನಿ ಡೊರಿಮೆನ್ ಮನೆಯಿಂದಲೇ ಆ ಲೆಕ್ಕಗಳನ್ನು ನೋಡಿಕೊಂಡಳು. ಛೋಟಾನಾಗಪುರದಲ್ಲಿ ಯೇಸುಸಭೆಯ ಫಾದರ್ ಹಾಫ್‌ಮನ್ 1909ರಲ್ಲಿ ಆದಿವಾಸಿಗಳಿಗಾಗಿ ಕ್ಯಾಥೊಲಿಕ್ ಸಹಕಾರಿ ಸಾಲ ಸಂಘವನ್ನು ಕಟ್ಟಿದರೆ, ನಮ್ಮ ಮಂಗಳೂರಿನ ಕ್ಯಾಥೊಲಿಕರು 1912ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ನೆರೆಯವರ ಖಾಲಿ ಪಾತ್ರೆಗಳು ಎಂದರೆ ಇವೇ.

ಬ್ಯಾಂಕುಗಳ ತವರೆನಿಸಿದ ಈ ಕರಾವಳಿಯಲ್ಲಿ ನಿವೃತ್ತ ಬ್ಯಾಂಕ್ ನೌಕರರಿಲ್ಲದ ಧರ್ಮಕೇಂದ್ರ ವಿರಳ. ತಿಂಗಳಿಗೊಂದು ಭಾನುವಾರ ಅಂತಹ ಇಬ್ಬರು ಗುಟ್ಟು ಕಾಯುವ ವಚನ ಕೊಟ್ಟು ದೇವಾಲಯದ ಪಕ್ಕದ ಕೋಣೆಯಲ್ಲಿ ಕುಳಿತು, ಕಷ್ಟದಲ್ಲಿರುವವರ ನೋಟ್ ಪುಸ್ತಕವನ್ನು ನೋಡಿ ದಾರಿ ತೋರಬಾರದೇಕೆ? 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಜಾನಾಂ ಮತ್ತು ಸಂಗಡಿಗರು ಆರಂಭಿಸಿದ, ಇಂದು ನಮ್ಮ ಊರುಗಳಲ್ಲೂ ಇರುವ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯು ಬಡವರ ಮನೆಗೇ ಹೋಗಿ ಭೇಟಿಯಾಗುವುದನ್ನು ತನ್ನ ಮುಖ್ಯ ಕಾರ್ಯವಾಗಿಸಿಕೊಂಡಿದೆ. ಆ ಭೇಟಿಯಲ್ಲಿ ಅಕ್ಕಿಯ ಚೀಲದ ಜೊತೆಗೆ ಲೆಕ್ಕದ ಅರಿವೂ ಹೋಗಲಿ. ಅದಕ್ಕೆ ಹೊಸ ಕಟ್ಟಡ ಬೇಡ, ನಿಧಿ ಬೇಡ. ಸಮಯ ಮತ್ತು ಮೌನ ಕಾಯುವ ನಾಲಿಗೆ ಸಾಕು.

2025ರ ಜುಬಿಲಿ ವರ್ಷವನ್ನು ಸಾರಿದ ಘೋಷಣೆಯಲ್ಲಿ ಜಗದ್ಗುರು ಫ್ರಾನ್ಸಿಸರು ಶ್ರೀಮಂತ ರಾಷ್ಟ್ರಗಳು ಬಡರಾಷ್ಟ್ರಗಳ ಸಾಲವನ್ನು ಮನ್ನಾ ಮಾಡಬೇಕೆಂದು ಕರೆಯಿತ್ತರು. ಯಾಜಕಕಾಂಡ ವಿಧಿಸಿದ ಐವತ್ತನೆಯ ವರ್ಷದ ಬಿಡುಗಡೆಯೇ ಆ ಕರೆಯ ಮೂಲ. ರಾಷ್ಟ್ರಗಳ ಸಾಲ ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮಿಂದ ಐದೋ ಹತ್ತೋ ಸಾವಿರ ಪಡೆದು ಹಿಂತಿರುಗಿಸಲಾರದೆ, ನಮ್ಮನ್ನು ಕಂಡೊಡನೆ ಬೀದಿಯ ಆಚೆ ಬದಿಗೆ ದಾಟುವ ಒಬ್ಬ ಸಹೋದರ ಬಹುಶಃ ಪ್ರತಿಯೊಬ್ಬರಿಗೂ ಇದ್ದಾನೆ. ಆತನ ಮನೆಗೆ ಹೋಗಿ, ಬಡ್ಡಿ ಬೇಡ, ಅಸಲನ್ನು ಅನುಕೂಲವಾದಾಗ ಕೊಡು ಎಂದು ಹೇಳುವುದು ನಮ್ಮ ಕೈಯಲ್ಲಿದೆ. ಈ ಭಾನುವಾರ ಬಲಿಪೂಜೆಗೆ ಹೊರಡುವ ಮುನ್ನ ಸಾಲಗಾರರಾದವರು ತಮ್ಮ ಲೆಕ್ಕವನ್ನು ಬರೆಯಲಿ. ಸಾಲ ಕೊಟ್ಟವರು ಅಂತಹ ಒಬ್ಬನ ಹೆಸರನ್ನು ನೆನೆಯಲಿ.